ದೂರಿಲ್ಲದ ಕಾಗದ

ಮೊದಲೇ ಹೇಳಿಬಿಡುತ್ತೇನೆ, ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ನಾಲ್ಕು ವರ್ಷ ಒಂದೇ ಮೇಜಿನ ಆಚೆ ಈಚೆ ಕೂತಿದ್ದೇವೆ, ಒಂದೇ ಫ್ಲಾಸ್ಕಿನ ಕಾಫಿ ಕುಡಿದಿದ್ದೇವೆ, ಆದರೂ ಆಗುತ್ತಿರಲಿಲ್ಲ. ಹೋದ ತಿಂಗಳು ಮಳೆ ಜೋರಾಗಿದ್ದಾಗ ಅವರು ತೀರಿಕೊಂಡರು. ನಮ್ಮ ಬೆಳೆಗಾರರ ಸಂಘದವರು, ‘ನೀವೇ ಹತ್ತಿರದಿಂದ ನೋಡಿದವರು, ಸಂಘದ ಪತ್ರಿಕೆಗೆ ಅವರ ಬಗ್ಗೆ ಏನಾದರೂ ಬರೆದುಕೊಡಿ’ ಎಂದರು. ಹತ್ತಿರದಿಂದ ನೋಡಿದ್ದೇ ತೊಂದರೆ. ದೂರದಿಂದ ನೋಡಿದವರೆಲ್ಲ ಆಗಲೇ ಬರೆದುಕೊಟ್ಟಾಗಿದೆ. ಆ ಶ್ರದ್ಧಾಂಜಲಿಗಳನ್ನು ಒಮ್ಮೆ ತಿರುವಿಹಾಕಿದೆ. ಮುಕ್ಕಾಲು ಪಾಲು ಮೊಬೈಲಿನೊಳಗಿನ ಎಐ ಬರೆದದ್ದು ಎಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅದನ್ನು ಕಂಡುಹಿಡಿಯುವುದನ್ನು ನನಗೆ ಕಲಿಸಿದವರು ಅವರೇ.

ಸೋಮವಾರಪೇಟೆಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ನೋಡಿಲ್ಲ. ರೈಟರ್ ಸಾರ್, ಅಷ್ಟೆ. ಮೂವತ್ತೈದು ವರ್ಷ ಒಂದೇ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಬೆಳಗ್ಗೆ ಏಳಕ್ಕೆ ಕೂಲಿಯವರ ಲೈನ್ ಮನೆಗಳ ಮುಂದೆ ನಿಂತು ಮಸ್ಟರ್, ಅಂದರೆ ಹಾಜರಿ, ಕರೆಯುವುದು, ಯಾರು ತೋಟದ ಯಾವ ಬ್ಲಾಕಿಗೆ, ಏನು ಕೆಲಸಕ್ಕೆ ಎಂದು ಹಂಚುವುದು, ಸಂಜೆ ಮೇಸ್ತ್ರಿಗಳನ್ನು ಸಾಲಾಗಿ ನಿಲ್ಲಿಸಿ ವರದಿ ಕೇಳುವುದು, ಇದು ಅವರ ಕೆಲಸ. ನಿವೃತ್ತರಾದ ಮೇಲೆ ಮಸ್ಟರ್ ಕರೆಯಲು ಆಳುಗಳಿಲ್ಲದೆ ಸಿಕ್ಕಿದವರಿಗೆಲ್ಲ ಕರೆಯತೊಡಗಿದರು. ತಡವಾಗಿ ಬಂದ ಬಸ್ಸಿನ ಕಂಡಕ್ಟರನಿಗೆ, ಮೀನಿನಂಗಡಿಯವನಿಗೆ, ಹೆಂಡತಿಯ ತಮ್ಮಂದಿರಿಗೆ, ಕೊನೆಗೆ ನನಗೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು, ಮೂರೆಕರೆ ಕಾಫಿ ಇರುವವನು. ನನ್ನನ್ನು ಅವರು ‘ಏನ್ರೀ ಮೇಷ್ಟ್ರೇ, ಹತ್ತು ನಿಮಿಷ ಲೇಟು’ ಎಂದೇ ಸ್ವಾಗತಿಸುತ್ತಿದ್ದರು.

ಸಣಕಲು ಆಳು. ಬಿಸಿಲಿರಲಿ ಮಳೆಯಿರಲಿ ಷರಟಿನ ಕಾಲರಿಗೆ ಹಿಂದಿನಿಂದ ಕೊಡೆ ನೇತುಹಾಕಿಕೊಳ್ಳುತ್ತಿದ್ದರು. ಜೇಬಿನಲ್ಲಿ ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿ ಇರುವ ಪೆನ್ಸಿಲ್. ಅದನ್ನು ಬ್ಲೇಡಿನಲ್ಲಿ ಅವರೇ ಚೂಪು ಮಾಡಬೇಕು, ಬೇರೆಯವರು ಮುಟ್ಟಬಾರದು. ನೀಲಿ ತುದಿ ಯಾವಾಗಲೂ ಉದ್ದವಿರುತ್ತಿತ್ತು, ಕೆಂಪು ತುದಿ ಸವೆದು ಸವೆದು ಮರದೊಳಗೆ ಹೋಗಿರುತ್ತಿತ್ತು. ಮನುಷ್ಯ ಎಂಥವರು ಎಂದು ಹೇಳಲು ಆ ಪೆನ್ಸಿಲ್ ತೋರಿಸಿದರೆ ಸಾಕಿತ್ತು.

ಎಸ್ಟೇಟಿನ ಕಥೆಗಳನ್ನು ಅವರು ಬಹಳ ಹೆಮ್ಮೆಯಿಂದ ಹೇಳುತ್ತಿದ್ದರು. ಅದರಲ್ಲಿ ಒಂದನ್ನು ನಾನು ಹತ್ತು ಸಲವಾದರೂ ಕೇಳಿದ್ದೇನೆ. ಆ ಎಸ್ಟೇಟಿನ ಹನ್ನೊಂದನೇ ಬ್ಲಾಕು ಕಾಡಿನಂಚಿಗೆ, ಆನೆ ಕಂದಕದ ಪಕ್ಕದಲ್ಲಿದೆ. ನಿಂತರೆ ಜಾರುವ ಇಳಿಜಾರು, ಬಿಸಿಲೇ ಬೀಳದ ಜಾಗ, ಮಳೆಗಾಲದಲ್ಲಿ ಹೆಜ್ಜೆಗೊಂದು ಜಿಗಣೆ. ಅಲ್ಲಿ ಕೆಲಸ ಮಾಡಿ ಬಂದ ಹೆಂಗಸರ ಕಾಲಿನ ತುಂಬ ಸುಣ್ಣದ ಬೊಟ್ಟುಗಳಿರುತ್ತಿದ್ದವು. ಜಿಗಣೆ ಕಚ್ಚಿದಲ್ಲಿ ರಕ್ತ ನಿಲ್ಲಲೆಂದು ಹಚ್ಚಿಕೊಂಡದ್ದು. ಬೆಳಗಿನ ಮಸ್ಟರಿನಲ್ಲಿ ಯಾವ ಹೆಂಗಸಾದರೂ ‘ಸಾ, ಲೈನಿನ ಮಾಡು ಸೋರ್ತದೆ’ ಎಂದೋ, ‘ಮೇಸ್ತ್ರಿ ಬಾಯಿಗೆ ಬಂದಂಗೆ ಬಯ್ತಾನೆ’ ಎಂದೋ ಬಾಯಿ ಬಿಟ್ಟರೆ ರೈಟರ್ ಸಾರ್ ಪುಸ್ತಕದಿಂದ ತಲೆಯೆತ್ತದೆ ಎರಡೇ ಮಾತು ಹೇಳುತ್ತಿದ್ದರಂತೆ: ‘ನಾಳೆ ಹನ್ನೊಂದು.’

“ಆರೇ ತಿಂಗಳು ಮೇಷ್ಟ್ರೇ. ದೂರು ಅನ್ನೋದೇ ನಿಂತೋಯ್ತು. ಎಲ್ಲಾ ಸರಿ ಇದೆಯೇನ್ರಮ್ಮಾ ಅಂದ್ರೆ, ಎಲ್ಲಾ ಸರಿ ಅದೆ ಸಾ. ಆಡಳಿತ ಅಂದ್ರೆ ಅದು ಕಣ್ರೀ.”

ಮೇಸ್ತ್ರಿಗಳು ಹೇಳುತ್ತಿದ್ದ ದೂರಿನ ಮಾತು ಬೇರೆ. ಅದಕ್ಕೆ ಅವರ ಬಾಯಲ್ಲಿ ವರದಿ ಎಂದು ಹೆಸರು. ಈ ಕಥೆ ಕೇಳಿ ನಾನು ನಗಲಿಲ್ಲ ಎಂದು ಬರೆಯಲು ಈಗ ಬಹಳ ಆಸೆಯಾಗುತ್ತದೆ. ಹತ್ತು ಸಲವೂ ನಕ್ಕಿದ್ದೇನೆ.

ನಮ್ಮ ಸಂಘ ಪ್ರತಿವರ್ಷ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮುನ್ನ, ಒಂದು ದಿನದ ಸಮಾವೇಶ ಮಾಡುತ್ತದೆ. ಆರು ಜನ ಬೆಳೆಗಾರರು ತಮ್ಮ ತೋಟದಲ್ಲಿ ಮಾಡಿ ನೋಡಿದ್ದನ್ನು ಇಪ್ಪತ್ತಿಪ್ಪತ್ತು ನಿಮಿಷ ಹೇಳಬೇಕು. ಹೇಳಬೇಕೆನ್ನುವವರು ಮೊದಲೇ ಒಂದು ಪುಟದಲ್ಲಿ ಬರೆದು ಕಳಿಸಬೇಕು, ನಾವು ಆರಿಸಬೇಕು. ಹಿಂದೆಲ್ಲ ಆರು ಜನರನ್ನು ಹೊಂದಿಸಲು ಹನ್ನೆರಡು ಮನೆಯ ಕಾಫಿ ಕುಡಿಯಬೇಕಿತ್ತು. ‘ನಾನೆಂಥದು ಮಾತಾಡೋದು, ಹೋಗ್ರೀ’ ಎಂದು ನಾಚುತ್ತಿದ್ದರು. ಎಐ ಬಂದದ್ದೇ ಬಂದದ್ದು, ನಾಚಿಕೆ ಎಲ್ಲರನ್ನೂ ಬಿಟ್ಟು ಓಡಿತು. ಕಾಗದಗಳು ಬಂದವು ನೋಡಿ! ತೋಟಕ್ಕೆ ವರ್ಷಕ್ಕೊಮ್ಮೆ ಪಿಕ್ನಿಕ್ಕಿಗೆ ಹೋಗುವವರು, ರೆಸಾರ್ಟ್ ನಡೆಸುವವರು, ನಿವೃತ್ತ ಅಧಿಕಾರಿಗಳು, ಕಾಫಿ ಗಿಡಕ್ಕೂ ಕಾಕಡ ಗಿಡಕ್ಕೂ ವ್ಯತ್ಯಾಸ ಗೊತ್ತಿಲ್ಲದವರು, ಎಲ್ಲರೂ ಒಂದೇ ವಾರದಲ್ಲಿ ಪಂಡಿತರಾದರು. ಒಬ್ಬ ಮಹಾಶಯ ಏಳು ವಿಷಯಗಳ ಮೇಲೆ ಏಳು ಕಾಗದ ಕಳಿಸಿದ್ದ. ಏಳನ್ನೂ ಓದಿದ ನನಗೆ, ಈತ ಒಂದನ್ನೂ ಓದಿಲ್ಲವಲ್ಲ ಎಂದು ಹೊಟ್ಟೆಕಿಚ್ಚಾಯಿತು.

ಗೊಬ್ಬರದಂಗಡಿಯ ಮೇಲಿರುವ ಸಂಘದ ಕೋಣೆಯಲ್ಲಿ ಸಂತೆಯ ದಿನ ನಾವಿಬ್ಬರೂ ಕೂರುತ್ತಿದ್ದೆವು. ಬರೆದವರ ಹೆಸರು ತೆಗೆದು, ನಂಬರು ಹಾಕಿ ಕೊಡುವುದು ನನ್ನ ಕೆಲಸ. ಓದುವುದು ಅವರದು. ಅವರು ಓದುತ್ತಿದ್ದ ರೀತಿಯನ್ನು ಕೇಳಬೇಕಿತ್ತು. ಏರಿಲ್ಲ, ಇಳಿವಿಲ್ಲ, ಮಸ್ಟರಿನ ದನಿಯಲ್ಲಿ ಗಟ್ಟಿಯಾಗಿ ಓದುತ್ತಾ ಹೋಗಿ ತಟ್ಟನೆ ನಿಂತು, ಕಾಗದವನ್ನೇ ಗದರಿಸಿ ಕೇಳುವರು: “ಯಾವ ಬ್ಲಾಕು? ಯಾರ್ಯಾರು ಹೋಗಿದ್ರಿ?” ಕಾಗದ ಉತ್ತರ ಹೇಳದಿದ್ದರೆ ಕೆಂಪು ತುದಿ.

“ಮೇಷ್ಟ್ರೇ, ಇಷ್ಟೇ ಇರೋದು. ಕಳ್ಳ ಮೇಸ್ತ್ರಿ ಬ್ಲಾಕಿಗೇ ಹೋಗಿರೋದಿಲ್ಲ. ಸಂಜೆ ಬಂದು ಏನಂತಾನೆ? ಕೆಲಸ ಚೆನ್ನಾಗಿ ನಡೀತು ಸಾರ್, ಎಲ್ಲರೂ ಸಹಕಾರ ಕೊಟ್ರು ಅಂತಾನೆ. ಹೋಗಿ ಬಂದೋನಿಗೆ ಆ ಮಾತು ಬರೋದೇ ಇಲ್ಲ. ಸಿಲ್ವರ್ ಮರದಲ್ಲಿ ಕಣಜದ ಗೂಡಿತ್ತು, ಏಣಿ ಮೆಟ್ಲು ಮುರೀತು, ಇಬ್ಬರು ಹೆಂಗಸ್ರು ಬುಟ್ಟಿಗೆ ಜಗಳ ಆಡಿದ್ರು ಅಂತ ಶುರು ಮಾಡ್ತಾನೆ. ಈ ಮಿಷನ್ನು ಬ್ಲಾಕಿಗೆ ಹೋಗೇ ಇಲ್ಲ ಕಣ್ರೀ. ನೋಡಿ, ಇಡೀ ಪುಟದಲ್ಲಿ ಯಾರೂ ಯಾರಿಗೂ ಬಯ್ದಿಲ್ಲ.”

ನಾನು ಮತ್ತೆ ಓದಿ ನೋಡಿದೆ. ಹೌದು, ಯಾರೂ ಯಾರಿಗೂ ಬಯ್ದಿರಲಿಲ್ಲ. ರೈತರು, ಕಾರ್ಮಿಕರು, ಜೇನುನೊಣಗಳು, ಮಣ್ಣು, ಎಲ್ಲರೂ ಪರಸ್ಪರ ಕೈಜೋಡಿಸಿ ಸುಸ್ಥಿರ ನಾಳೆಯತ್ತ ಹೆಜ್ಜೆ ಹಾಕುತ್ತಿದ್ದರು. ಕೊಡಗಿನಲ್ಲಿ ಎರಡು ತೋಟದವರು ಬೇಲಿಯ ಬಗ್ಗೆ ಕೈಜೋಡಿಸಿದ್ದನ್ನೂ ನಾನು ಕಂಡಿಲ್ಲ. ಒಂದು ಕಾಗದದಲ್ಲಿ ಕಾಫಿಯ ಹೂಮಳೆ ಅಕ್ಟೋಬರಿನಲ್ಲಿ ಸುರಿದಿತ್ತು. ಕಾಫಿ ಗಿಡ ಮಾರ್ಚಿನ ಒಂದು ಮಳೆಗಾಗಿ ಬಾಯಿಬಿಟ್ಟು ಕಾಯುತ್ತದೆ ಎಂಬುದು ಇಲ್ಲಿನ ಕೋಳಿಗಳಿಗೂ ಗೊತ್ತು.

ಅನುಮಾನವಿದ್ದರೆ ಅವರು ಫೋನ್ ಮಾಡುತ್ತಿದ್ದರು. ನಂಬರು ಒತ್ತಿ ಕೊಡುವುದು ನಾನು, ಹೆಸರು ಕೇಳದೆ ಮಾತಾಡುವುದು ಅವರು. ಮರಗಸಿ ಅಂದರೆ ನೆರಳಿನ ಮರದ ಕೊಂಬೆ ಕಡಿಸುವ ಕೆಲಸದ ಬಗ್ಗೆ ಒಬ್ಬ ನಿವೃತ್ತ ಅಧಿಕಾರಿ ಭರ್ಜರಿಯಾಗಿ ಬರೆದಿದ್ದರು.

“ಮರಗಸಿ ದಿನ ಮರ ಹತ್ತಿದ್ದು ಯಾರು ಸಾರ್?”

ಸ್ಪೀಕರಿನಲ್ಲಿ ಒಂದು ಕೆಮ್ಮು ಕೇಳಿತು. ಆಮೇಲೆ, “ನಮ್ಮ ಟೀಮ್.”

“ಟೀಮ್ ಮರ ಹತ್ತೋದಿಲ್ಲ ಸಾರ್. ಹತ್ತೋನು ಒಬ್ಬ. ಉಳಿದೋರು ಕೆಳಗೆ ನಿಂತು ಬುದ್ಧಿ ಹೇಳ್ತಾರೆ. ಇಡ್ತೀನಿ.”

ಆ ದಿನ ನನಗೆ ಅವರ ಮೇಲೆ ಗೌರವ ಬಂದದ್ದು ನಿಜ. ಬೇಗ ಹೋಯಿತು. ಅವರು ಫೋನ್ ಇಟ್ಟ ಮೇಲೆ ಕುರ್ಚಿಗೆ ಒರಗಿ, ಯಾರಾದರೂ ಹೊಗಳಲಿ ಎಂದು ಸುತ್ತ ನೋಡಿದರು. ಕೋಣೆಯಲ್ಲಿ ನಾನೊಬ್ಬನೇ ಇದ್ದೆ, ಹೊಗಳಿದೆ.

ಮರುವರ್ಷ ಅವರದೇ ಒತ್ತಾಯದಿಂದ, ಕಾಗದಗಳು ಕೈಬರಹದಲ್ಲೇ ಇರಬೇಕು ಎಂದು ನಿಯಮ ಮಾಡಿದೆವು. ಕೈನೋವಿಗೆ ಹೆದರಿಯಾದರೂ ಸುಳ್ಳು ಕಡಿಮೆಯಾಗುತ್ತದೆ ಎಂಬ ಲೆಕ್ಕಾಚಾರ. ನಮ್ಮ ಜನರನ್ನು ನಾವು ಕಡಿಮೆ ಅಂದಾಜು ಮಾಡಿದ್ದೆವು. ಅವರು ಮೊಬೈಲನ್ನು ಗೋಡೆಗೆ ಒರಗಿಸಿಟ್ಟು, ಎಐ ಬರೆದದ್ದನ್ನು ದುಂಡಗೆ ನಕಲು ಮಾಡಿ ಕಳಿಸಿದರು. ಒಬ್ಬಾತ ತಲೆಬರಹದ ಎರಡೂ ಪಕ್ಕದಲ್ಲಿ ಅಕ್ಷರ ದಪ್ಪ ಮಾಡಲು ಎಐ ಹಾಕಿದ್ದ ನಕ್ಷತ್ರದ ಗುರುತುಗಳನ್ನೂ, ಎರಡೆರಡು, ಐದೈದು ಮೂಲೆ ಲೆಕ್ಕ ಹಾಕಿ, ಸ್ಕೇಲ್ ಹಿಡಿದು ಬರೆದಿದ್ದ. ಇನ್ನೊಬ್ಬರ ಪುಟ ‘ಖಂಡಿತ! ನೀವು ಕೇಳಿದಂತೆ ಇನ್ನಷ್ಟು ಆಕರ್ಷಕವಾಗಿ ಬರೆದಿದ್ದೇನೆ’ ಎಂದೇ ಶುರುವಾಗುತ್ತಿತ್ತು. ಬರೆದದ್ದು ನೀಲಿ ಇಂಕು ಪೆನ್ನಿನಲ್ಲಿ, ಕೆಳಗೆ ಸಹಿ ಬೇರೆ. ಆ ಸಹಿ ಹಾಕುವಾಗ ಆ ಮನುಷ್ಯನ ತಲೆಯಲ್ಲಿ ಏನಿತ್ತು ಎಂದು ನಾನು ಇವತ್ತಿಗೂ ಯೋಚಿಸುತ್ತೇನೆ.

ಇಷ್ಟಕ್ಕೇ ನಿಂತಿದ್ದರೆ ರೈಟರ್ ಸಾರ್ ದೊಡ್ಡ ಮನುಷ್ಯರಾಗಿಯೇ ಉಳಿಯುತ್ತಿದ್ದರು. ಆದರೆ ಹೊಟ್ಟೆಯಲ್ಲಿ ಹೆಮ್ಮೆ ಇಟ್ಟುಕೊಳ್ಳಲು ಅವರಿಂದ ಆಗಲಿಲ್ಲ. ಹೋದ ವರ್ಷದ ಸಮಾವೇಶದಲ್ಲಿ ಮೈಕ್ ಕೈಗೆ ಸಿಕ್ಕಿದ್ದೇ ತಮ್ಮ ಗುಟ್ಟನ್ನು ಊರಿಗೆಲ್ಲ ಹೇಳಿಬಿಟ್ಟರು. “ದೂರಿಲ್ಲದ ಕಾಗದ ಸುಳ್ಳು ಕಾಗದ. ಮಿಷನ್ನಿಗೆ ದೂರು ಹೇಳೋಕೆ ಬರೋದಿಲ್ಲ.” ಚಪ್ಪಾಳೆ ಬಿತ್ತು. ಆ ಚಪ್ಪಾಳೆ ತಟ್ಟಿದವರೆಲ್ಲ ಮನೆಗೆ ಹೋಗಿ ಎಐಗೆ, ‘ಎರಡು ಕಷ್ಟ, ಒಂದು ಬೈಗುಳ ಸೇರಿಸಿ ಬರಿ’ ಎಂದು ಹೇಳಲು ಕಲಿತರು.

ಹಾಗಾಗಿ ಈ ವರ್ಷದ ಕಾಗದಗಳು ಗೋಳೋ ಎಂದು ಅಳುತ್ತಾ ಬಂದವು. ಎಲ್ಲರ ಏಣಿಯೂ ಮುರಿದಿತ್ತು. ಎಲ್ಲರಿಗೂ ಕಣಜ ಕಚ್ಚಿತ್ತು. ‘ಆರಂಭದಲ್ಲಿ ಹಲವು ಸವಾಲುಗಳು ಎದುರಾದವು’ ಎಂಬ ಸಾಲನ್ನು ಓದಿ ಓದಿ ನನಗೆ ಸವಾಲು ಎಂಬ ಶಬ್ದದ ಮೇಲೇ ಹೇಸಿಗೆ ಬಂತು. ರೈಟರ್ ಸಾರ್ ಕೆಂಪು ತುದಿಯಿಂದ ಗೀಚಿ ಗೀಚಿ ಎಸೆದರು. “ಇವು ಬಾಡಿಗೆ ದೂರು ಮೇಷ್ಟ್ರೇ. ಇಟ್ಕೊಂಡಿರೋನಿಗೆ ಉರಿ ಇಲ್ಲ” ಎನ್ನುತ್ತಿದ್ದರು. ಬಹುತೇಕ ಸರಿಯಾಗಿಯೇ ಹೇಳುತ್ತಿದ್ದರು.

ಆದರೆ ಈ ವರ್ಷ ಸಮಾವೇಶಕ್ಕೆ ಇನ್ನೊಂದು ತೂಕ ಬಂದಿತ್ತು. ಸಂಘ ಕಾಳುಮೆಣಸಿನ ಬಳ್ಳಿಯ ನರ್ಸರಿ ಶುರುಮಾಡಲಿತ್ತು. ಅದನ್ನು ನೋಡಿಕೊಳ್ಳುವವರಿಗೆ ಪಕ್ಕದಲ್ಲೇ ಒಂದು ಸಣ್ಣ ಮನೆ. ಮೆಣಸಿನ ಬಗ್ಗೆ ಮಾತಾಡುವವರಲ್ಲಿ ತಿಳಿದವರನ್ನು ನೋಡಿ ಆ ಕೆಲಸ ಕೊಡುವುದೆಂದು ಮೊದಲೇ ಎಲ್ಲರಿಗೂ ಹೇಳಿಯಾಗಿತ್ತು. ಮೆಣಸಿನ ಬಗ್ಗೆ ನಮ್ಮ ಕೈಗೆ ಬಂದ ಕಾಗದಗಳಲ್ಲಿ ಕೊನೆಗೆ ಮೇಜಿನ ಮೇಲೆ ಉಳಿದದ್ದು ಎರಡು, ಒಂಬತ್ತನೇ ನಂಬರು ಮತ್ತು ಹದಿನಾಲ್ಕನೇ ನಂಬರು. ಎರಡೂ ಒಂದೇ ವಿಷಯ. ಮಳೆಗಾಲದಲ್ಲಿ ಮೆಣಸಿನ ಬಳ್ಳಿ ಸೊರಗಿ ಸಾಯದಂತೆ ಉಳಿಸಿಕೊಂಡ ಬಗೆ.

ಒಂಬತ್ತನೇ ನಂಬರು ಮೂರು ಪ್ಯಾರಾ ಉದ್ದವಿತ್ತು. ಅದರಲ್ಲಿ ಒಂದು ಕಡೆ, ‘ತೋಟದ ಹಿರಿಯ ರೈಟರ್ ಈ ವಿಧಾನವನ್ನು ಕಟುವಾಗಿ ವಿರೋಧಿಸಿದರು, ಎಲ್ಲರೆದುರು ನನ್ನನ್ನು ಗದರಿದರು’ ಎಂದಿತ್ತು. ರೈಟರ್ ಸಾರ್ ಅಲ್ಲಿ ನಿಂತರು. ಮುಖ ಅರಳಿತು.

“ನೋಡಿದ್ರಾ? ಇಲ್ಲೊಬ್ಬ ರೈಟರ್ ಇದಾನೆ. ಬಯ್ದಿದಾನೆ. ಇದು ಹೋಗಿ ಬಂದೋನ ಕಾಗದ.”

ನೀಲಿ ತುದಿ ಇಳಿಯಿತು. ಈ ವರ್ಷ ಅದು ಇಳಿದದ್ದು ಅಪರೂಪ.

ಹದಿನಾಲ್ಕನೇ ನಂಬರು ಅರ್ಧ ಪುಟವೂ ಇರಲಿಲ್ಲ. ಶಾಲೆಯ ಮಕ್ಕಳ ಹಾಗೆ ಬಿಡಿಬಿಡಿಯಾದ ಅಕ್ಷರ. ‘ಮಳೆಗೆ ಮುಂಚೆ ನೆಲಕ್ಕೆ ಬಿದ್ದ ಕುಡಿಗಳನ್ನು ಎತ್ತಿ ಮರಕ್ಕೆ ಕಟ್ಟಲಾಗುವುದು. ಬುಡಕ್ಕೆ ಗುದ್ದಲಿ ಹಾಕಲಾಗುವುದಿಲ್ಲ. ಉದುರಿದ ಎಲೆಯನ್ನು ತೆಗೆಯಲಾಗುವುದಿಲ್ಲ. ಮೂರು ಮಳೆಗಾಲ ಬಳ್ಳಿಗಳು ಚೆನ್ನಾಗಿವೆ. ಎಲ್ಲಾ ಸರಿಯಾಗಿದೆ. ಯಾವ ತೊಂದರೆಯೂ ಇರುವುದಿಲ್ಲ.’

“ತಗೊಳ್ಳಿ, ಬಂತು ಕಳ್ಳ ಮೇಸ್ತ್ರಿ ವರದಿ” ಎಂದು ರೈಟರ್ ಸಾರ್ ನಕ್ಕರು. “ಎಲ್ಲಾ ಸರಿಯಾಗಿದೆಯಂತೆ. ಮೆಣಸು ಬೆಳೆದೋನು ಎಲ್ಲಾ ಸರಿಯಾಗಿದೆ ಅಂತಾನೇನ್ರೀ? ಮಿಷನ್ನಿಗೆ ಸ್ವಲ್ಪ ಬರಿ ಅಂದಿದಾನೆ, ಸ್ವಲ್ಪ ಬರ್ದಿದೆ.” ಅಂಚಿನಲ್ಲಿ ಕೆಂಪಕ್ಷರದಲ್ಲಿ ‘ಮಿಷನ್’ ಎಂದು ಬರೆದು ಅಡಿಗೆರೆ ಎಳೆದರು.

ಈಗ ನನ್ನ ಪಾಲಿನ ಹೇಡಿತನವನ್ನು ಬರೆಯಬೇಕು. ಎಐ ಅಷ್ಟು ಕಡಿಮೆ ಮಾತಾಡುವುದಿಲ್ಲ ಎಂದು ನನಗೆ ಹೊಳೆದಿತ್ತು. ಅದಕ್ಕಿಂತ ಹೆಚ್ಚಾಗಿ, ಹೆಸರುಗಳ ಪಟ್ಟಿ ನನ್ನ ಜೇಬಿನಲ್ಲಿತ್ತು. ಒಂಬತ್ತು ಅಂದರೆ ಸಂಘದ ಉಪಾಧ್ಯಕ್ಷರು, ರೈಟರ್ ಸಾರ್ ದುಡಿದ ಅದೇ ಎಸ್ಟೇಟಿನ ಈಗಿನ ಮಾಲೀಕರು. ಹದಿನಾಲ್ಕು ಅಂದರೆ ಸರೋಜ, ಅದೇ ಎಸ್ಟೇಟಿನ ಲೈನಿನಲ್ಲಿರುವ ಹೆಂಗಸು, ಏಳನೇ ಕ್ಲಾಸು ಓದಿದವಳು, ಗಂಡನಿಲ್ಲ, ಕೆಲಸ ಬಿಟ್ಟರೆ ಮನೆಯನ್ನೂ ಬಿಡಬೇಕಾದವಳು. ಕಾಗದವನ್ನು ನನ್ನ ಕೈಗೇ ತಂದುಕೊಟ್ಟು, “ನರ್ಸರಿ ಮನೆ ಸಿಕ್ರೆ ಲೈನು ಬಿಡಬೋದಿತ್ತು ಮೇಷ್ಟ್ರೇ. ಓದೋರು ರೈಟರ್ ಸಾರಲ್ವಾ?” ಎಂದು ಎರಡೆರಡು ಸಲ ಕೇಳಿ ಹೋಗಿದ್ದಳು. ಒಂದೇ ತೋಟದಿಂದ ಒಂದೇ ವಿಷಯದ ಎರಡು ಕಾಗದ ಬಂದರೆ, ಮಣ್ಣು ಹತ್ತಿದ್ದು ಯಾರ ಕೈಗೆ ಎಂದು ತಿಳಿಯಲು ವಿಜ್ಞಾನದ ಮೇಷ್ಟ್ರೇ ಆಗಬೇಕಿಲ್ಲ. ‘ಒಂದು ಫೋನ್ ಮಾಡೋಣವೇ’ ಎಂದು ಕೇಳಲು ಬಾಯಿ ತೆರೆದೆ. ಹೆಸರು ಹೇಳಬಾರದು ಎಂಬ ನಿಯಮ ನೆನಪಾಯಿತು, ಉಪಾಧ್ಯಕ್ಷರ ಮುಖವೂ ನೆನಪಾಯಿತು. ನಿಯಮದ ಹಿಂದೆ ಅಡಗಿಕೊಂಡೆ. ಫ್ಲಾಸ್ಕಿನಿಂದ ಇಬ್ಬರಿಗೂ ಕಾಫಿ ಬಗ್ಗಿಸಿದೆ.

ಸಮಾವೇಶದ ದಿನ ಉಪಾಧ್ಯಕ್ಷರು ಹೊಸ ಜುಬ್ಬ ಹಾಕಿಕೊಂಡು ಬಂದು ಇಪ್ಪತ್ತು ನಿಮಿಷ ಮಾತಾಡಿದರು, ಮಾತಾಡಿದರು ಅಂದರೆ ಮೊಬೈಲ್ ನೋಡಿ ಓದಿದರು. ‘ಹಿರಿಯ ರೈಟರ್ ಗದರಿದರು’ ಎಂಬಲ್ಲಿಗೆ ಬಂದಾಗ ಮುಂದಿನ ಸಾಲಿನಲ್ಲಿದ್ದ ರೈಟರ್ ಸಾರ್ ಮುಖ ಗಂಟಿಕ್ಕಿದ್ದನ್ನು ನೋಡಿದೆ. ಆ ಎಸ್ಟೇಟಿಗೆ ಹಿರಿಯ ರೈಟರ್ ಎಂದಿದ್ದವರು ಅವರೊಬ್ಬರೇ. ಅವರು ಯಾವ ಧಣಿಯನ್ನೂ ಜನ್ಮದಲ್ಲಿ ಗದರಿದವರಲ್ಲ.

ಭಾಷಣ ಮುಗಿದ ಮೇಲೆ ಶನಿವಾರಸಂತೆ ಕಡೆಯ ಒಬ್ಬ ಬೆಳೆಗಾರ ಎದ್ದು ಕೇಳಿದ. “ಕುಡಿ ಎತ್ತಿ ಕಟ್ಟೋದು ಅಂದ್ರಲ್ಲ, ಏನ್ರಲ್ಲಿ ಕಟ್ಟಿದ್ರಿ?”

“ಪರಿಸರಸ್ನೇಹಿ ವಸ್ತುಗಳಲ್ಲಿ.”

“ಅಂದ್ರೆ ಎಂಥದು?”

ಉಪಾಧ್ಯಕ್ಷರು ಮೊಬೈಲ್ ಮೇಲೆ ಬೆರಳು ಆಡಿಸಿದರು. ಮೇಲೆ ಹೋದರು, ಕೆಳಗೆ ಬಂದರು. ಸಭೆ ಕಾಯಿತು. ಆಗ ಹಿಂದಿನಿಂದ, ಊಟಕ್ಕೆ ಎಲೆ ಹಾಕಲು ಬಂದಿದ್ದ ಹೆಂಗಸರ ಕಡೆಯಿಂದ ದನಿ ಬಂತು.

“ಬಾಳೆ ನಾರಲ್ಲಿ ಕಟ್ಟೋದು. ಪ್ಲಾಸ್ಟಿಕ್ ಹಗ್ಗ ಹಾಕಿದ್ರೆ ಗಿಣ್ಣು ಕೊಯ್ದು ಅಲ್ಲಿಂದ್ಲೇ ಕೊಳೀತದೆ. ನಾರನ್ನ ಹಿಂದಿನ ದಿನ ನೆನೆ ಹಾಕ್ಬೇಕು. ಮಳೆ ನಿಲ್ಲೋ ಹೊತ್ತಿಗೆ ಅದೇ ಲಡ್ಡಾಗಿ ಉದುರ್ತದೆ, ಬಿಚ್ಚೋ ಕೆಲಸ ಇಲ್ಲ.”

ಸರೋಜ. ಕೈಯಲ್ಲಿ ಬಾಳೆಯೆಲೆಯ ಕಟ್ಟು. ಇನ್ನೂರು ತಲೆಗಳು ಹಿಂದಕ್ಕೆ ತಿರುಗಿದ್ದನ್ನು ನೋಡಿ ಗಾಬರಿಯಾಗಿ ಬಾಯಿ ಮುಚ್ಚಿಕೊಂಡಳು. ಉಪಾಧ್ಯಕ್ಷರು ಮೈಕಿನಲ್ಲಿ ನಕ್ಕು, “ನಮ್ಮ ತೋಟದವಳೇ, ನಾನೇ ಕಲಿಸಿದ್ದು” ಎಂದರು. ಸಭೆಯೂ ನಕ್ಕಿತು. ನಗದೇ ಕೂತಿದ್ದವರು ರೈಟರ್ ಸಾರ್ ಒಬ್ಬರೇ.

ಊಟದ ಹೊತ್ತಿಗೆ ರೈಟರ್ ಸಾರ್ ನನ್ನ ಜೇಬಿನಿಂದ ಹೆಸರಿನ ಪಟ್ಟಿಯನ್ನು ಕಿತ್ತುಕೊಂಡರು ಎಂದೇ ಹೇಳಬೇಕು. ಹದಿನಾಲ್ಕರ ಮುಂದೆ ಬೆರಳಿಟ್ಟು ನನ್ನ ಮುಖ ನೋಡಿದರು. ಬಯ್ಯುತ್ತಾರೆ ಎಂದುಕೊಂಡೆ, ಬಯ್ಯಲಿಲ್ಲ. ನೆಟ್ಟಗೆ ಹಿಂಬಾಗಿಲಿನ ಕಡೆಗೆ ಹೋದರು. ನಾನೂ ಹಿಂದೆಯೇ ಹೋದೆ. ಸರೋಜ ಅವರನ್ನು ಕಂಡದ್ದೇ ಸೆರಗು ಸರಿಮಾಡಿಕೊಂಡು, ಮಸ್ಟರಿನಲ್ಲಿ ನಿಲ್ಲುವಂತೆ ಕೈಕಟ್ಟಿ ನಿಂತಳು.

“ಕಾಗದ ನೀನು ಬರ್ದಿದ್ದಾ?”

“ಹೂಂ ಸಾ.”

“ನಾರಿನ ವಿಷಯ ಯಾಕೆ ಬರೀಲಿಲ್ಲ? ಪ್ಲಾಸ್ಟಿಕ್ ಹಾಕಿ ಬಳ್ಳಿ ಹೋಗಿದ್ದು ಯಾಕೆ ಬರೀಲಿಲ್ಲ? ಕಷ್ಟ ಏನೂ ಆಗಲಿಲ್ವಾ ನಿಂಗೆ?”

“ಆಗದೇ ಇರ್ತದಾ ಸಾ. ಮೊದಲ್ನೇ ವರ್ಷ ಮೇಸ್ತ್ರಿ ನಾನು ಕಟ್ಟಿದ್ದನ್ನೆಲ್ಲ ಕಿತ್ತು ಹಾಕಿದ್ದ. ಎಲೆ ಗುಡಿಸಲಿಲ್ಲ ಅಂತ ಬಯ್ದ.”

“ಮತ್ತೆ ಅದನ್ನ ಬರೀಬಾರದಾ?”

ಸರೋಜ ನಿಜಕ್ಕೂ ಆಶ್ಚರ್ಯದಿಂದ ಅವರನ್ನು ನೋಡಿದಳು. ದನಿಯಲ್ಲಿ ಕೋಪವಿರಲಿಲ್ಲ, ಗೊತ್ತಿರುವುದನ್ನೇ ಕೇಳುತ್ತಾರಲ್ಲ ಎಂಬಂತಿತ್ತು.

“ಓದೋರು ನೀವು ಅಂತ ಗೊತ್ತಿತ್ತಲ್ಲ ಸಾ. ನಿಮ್ಮ ಹತ್ರ ದೂರು ಹೇಳಿದ್ರೆ ಹನ್ನೊಂದನೇ ಬ್ಲಾಕಲ್ವಾ?”

ಅವರು ಕಾಲರಿನಲ್ಲಿ ನೇತಾಡುತ್ತಿದ್ದ ಕೊಡೆಯನ್ನು ತೆಗೆದು, ಮಳೆಯೂ ಇಲ್ಲದ ಅಂಗಳದಲ್ಲಿ ಅದನ್ನು ಬಿಡಿಸಿ, ಮತ್ತೆ ಮಡಚಿ, ಊಟ ಮಾಡದೆ ಹೊರಟುಹೋದರು.

ಮರುವಾರ ಅವರು ಸಂಘದ ಅಧ್ಯಕ್ಷರನ್ನು ನೋಡಲು ಬಂದರು. ಕೈಯಲ್ಲಿ ಹದಿನಾಲ್ಕನೇ ನಂಬರಿನ ಕಾಗದ. ಅಂಚಿನ ಕೆಂಪಕ್ಷರವನ್ನು ರಬ್ಬರಿನಲ್ಲಿ ಉಜ್ಜಿದ್ದರು. ಹೋಗಿರಲಿಲ್ಲ, ಅರ್ಧ ಪುಟದ ತುಂಬ ಹರಡಿ ಗುಲಾಬಿ ಬಣ್ಣವಾಗಿತ್ತು. ಅಧ್ಯಕ್ಷರು ಅವರನ್ನು ಗೊಬ್ಬರದ ಮೂಟೆಗಳ ಪಕ್ಕದ ಬೆಂಚಿನಲ್ಲಿ ಎರಡು ಗಂಟೆ ಕೂರಿಸಿದರು. ಆಮೇಲೆ ಬಾಗಿಲಲ್ಲೇ ನಿಂತು, “ನರ್ಸರಿ ಕೊಟ್ಟಾಯ್ತಲ್ಲ ರೈಟರೇ, ಉಪಾಧ್ಯಕ್ಷರು ಹೇಳಿದ ಹುಡುಗನಿಗೆ. ಈಗ ಬಂದು ದೂರು ಹೇಳಿದ್ರೆ ಹೆಂಗೆ?” ಎಂದು ಕಳಿಸಿದರು. ಮತ್ತೊಂದು ಸಲ ಬಂದರು, ಮತ್ತೆ ಬೆಂಚು. ಮೂರನೇ ಸಲ ಬಂದಾಗ ಜ್ವರವಿತ್ತು. ಜೀವಮಾನದಲ್ಲಿ ಯಾರ ದೂರನ್ನೂ ಕೇಳದ ಮನುಷ್ಯ ದೂರು ಹೇಳಲು ಸಾಲು ನಿಂತದ್ದನ್ನು ಕಂಡು ನನಗೆ ಕನಿಕರ ಬರಬೇಕಿತ್ತು. ಬಂದದ್ದು ಸ್ವಲ್ಪವೇ.

ಆ ದಿನ ಮೆಟ್ಟಿಲಿಳಿಯುವಾಗ ನನ್ನ ತೋಳು ಹಿಡಿದುಕೊಂಡು ಹೇಳಿದರು. “ಮೂವತ್ತೈದು ವರ್ಷ ಮೇಷ್ಟ್ರೇ. ದಿನಾ ಬೆಳಗ್ಗೆ ಎಲ್ಲಾ ಸರಿ ಅದೆ ಸಾ, ಎಲ್ಲಾ ಸರಿ ಅದೆ ಸಾ. ಅಷ್ಟು ಜನ ಹೆಂಗಸ್ರು. ನಾನು ಕೇಳಿದ್ದರಲ್ಲಿ ಒಂದಾದ್ರೂ ನಿಜ ಇತ್ತೇನ್ರೀ?”

“ಇರಲಿಲ್ಲ” ಎಂದೆ. ಸಮಾಧಾನ ಹೇಳಲು ಮನಸ್ಸಾಗಲಿಲ್ಲ. ಅವರು ತಲೆಯಾಡಿಸಿ, ಪೆನ್ಸಿಲನ್ನು ಜೇಬಿನಿಂದ ತೆಗೆದು ನನ್ನ ಕೈಗೆ ಕೊಟ್ಟು ಹೋದರು. ಅದೇ ಕೊನೆ. ಆಮೇಲೆ ಆಸ್ಪತ್ರೆ, ಆಮೇಲೆ ಸುದ್ದಿ.

ಸಂತಾಪ ಸಭೆ ನಡೆದದ್ದು ಹೋದ ವಾರ, ಅದೇ ಹಾಲಿನಲ್ಲಿ. ಹೊರಗೆ ಮಳೆ ಹೊಡೆಯುತ್ತಿತ್ತು. ಉಪಾಧ್ಯಕ್ಷರ ಅಧ್ಯಕ್ಷತೆ. ಅವರು ಮೊಬೈಲ್ ನೋಡಿ ಓದಿದರು: ರೈಟರ್ ಸಾರ್ ಶಿಸ್ತು, ಸಮರ್ಪಣೆ ಮತ್ತು ಮಾನವೀಯತೆಯ ತ್ರಿವೇಣಿ ಸಂಗಮವಾಗಿದ್ದರು. ಮೂರು ಸಲ ಸಂಗಮವಾದರು, ಎರಡು ಸಲ ದಾರಿದೀಪವಾದರು. ಸುಳ್ಳು ಕಾಗದ ಹಿಡಿಯುವುದರಲ್ಲಿ ಅವರು ಒಮ್ಮೆಯೂ ತಪ್ಪಿದವರಲ್ಲ ಎಂದೂ ಆಯಿತು. ಸತ್ತವರಿಗೆ ಕಿವಿ ಇಲ್ಲದಿರುವುದು ಎಷ್ಟು ಒಳ್ಳೆಯದು ಎಂದುಕೊಂಡು ಕೂತಿದ್ದೆ.

ಕೊನೆಗೆ ಉಪಾಧ್ಯಕ್ಷರು, “ಅವರ ಕೈಕೆಳಗೆ ದುಡಿದವರೂ ಒಂದು ಮಾತು ಹೇಳಲಿ” ಎಂದು ಬಾಗಿಲ ಬಳಿ ನಿಂತಿದ್ದ ಸರೋಜಳನ್ನು ವೇದಿಕೆಗೆ ಕರೆದರು. ಮೇ ತಿಂಗಳಲ್ಲಿ ಅವಳಿಗೆ ಸಿಗಬೇಕಿದ್ದ ವೇದಿಕೆ, ಮೈಕು, ಇನ್ನೂರು ಜನ, ಎಲ್ಲವೂ ಸಿಕ್ಕಿತು. ಅವಳು ಮೊದಲು ಹೂಹಾರ ಹಾಕಿದ ಫೋಟೋ ನೋಡಿದಳು, ಆಮೇಲೆ ಪಕ್ಕದಲ್ಲಿ ಕೂತಿದ್ದ ಉಪಾಧ್ಯಕ್ಷರನ್ನು ನೋಡಿದಳು.

“ರೈಟರ್ ಸಾರು ಒಳ್ಳೇವ್ರು. ಎಲ್ಲಾ ಸರಿ ಇತ್ತು. ಯಾವ ತೊಂದರೇನೂ ಇರಲಿಲ್ಲ” ಎಂದಳು.

ಎಂಥ ಸರಳ, ಹೃದಯದ ಮಾತು ಎಂದು ಉಪಾಧ್ಯಕ್ಷರು ಮೆಚ್ಚಿದರು. ಚಪ್ಪಾಳೆ ಬಿತ್ತು. ಅವಳು ಮೆಟ್ಟಿಲಿಳಿಯಲು ಸೀರೆಯ ನೆರಿಗೆಯನ್ನು ಸ್ವಲ್ಪ ಎತ್ತಿ ಹಿಡಿದಳು. ಎರಡೂ ಕಾಲಿನಲ್ಲಿ, ಪಾದದಿಂದ ಮೊಣಕಾಲಿನ ತನಕ, ಸುಣ್ಣದ ಬೊಟ್ಟುಗಳಿದ್ದವು.